ಭಂಗಾರಕ್ಕೆ ಹೋದ ಬೋರ್ಡುಗಳು

ಬಸವಕಲ್ಯಾಣದಲ್ಲಿ ಅಪ್ಪನದು ರೇಡಿಯೊ ರಿಪೇರಿ ಅಂಗಡಿ. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಬೆಸುಗೆ ಹಾಕಲು ಕೈ ಪಳಗಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಹುಮನಾಬಾದಿಗೆ ಹೋದೆ. ಗಂಡ ಅಲ್ಲಿ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದರು. ಆಳೆತ್ತರದ ನಾಲ್ಕು ಪೆಟ್ಟಿಗೆಗಳು. ನಾಣ್ಯ ಹಾಕಿ, ನಿಂತುಕೊಂಡೇ ಆಡಬೇಕು. ಪೆಟ್ಟಿಗೆಯ ಒಳಗೆ ಒಂದು ದೊಡ್ಡ ಹಸಿರು ಬೋರ್ಡು. ಆಟವೆಲ್ಲ ಇರುವುದು ಅದರಲ್ಲೇ. ಬೋರ್ಡು ಬದಲಿಸಿದರೆ ಆಟವೂ ಬೇರೆ.

ಮದುವೆಯಾದ ಎರಡನೇ ತಿಂಗಳಿಗೆ ಒಂದು ಬೋರ್ಡು ಕೆಟ್ಟಿತು. ಗಂಡ ಅದನ್ನು ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ತಿರುಗಿಸಿ ನೋಡಿದೆ. ಬೋರ್ಡಿನ ಮೇಲಿದ್ದ ಸಣ್ಣ ಬ್ಯಾಟರಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ನಿಂಬೆರಸದಲ್ಲಿ ಅದ್ದಿ ತಿಕ್ಕಿದೆ. ಸ್ಪಿರಿಟ್ ಹಚ್ಚಿ ಒರೆಸಿದೆ. ಕಡಿದುಹೋದ ಗೆರೆಗಳಿಗೆ ಕೂದಲಿನಷ್ಟು ಸಣ್ಣ ತಂತಿ ಬೆಸೆದು, ಹೊಸ ಬ್ಯಾಟರಿ ಕೂರಿಸಿದೆ. ಸಂಜೆಗೆ ಆಟ ಓಡಿತು.

"ಯಾರ ಮುಂದನೂ ಹೇಳಬ್ಯಾಡ," ಎಂದರು ಗಂಡ. "ಹೆಂಗಸು ರಿಪೇರಿ ಮಾಡ್ಯಾಳ ಅಂದ್ರ ಮಂದಿ ನಗ್ತಾರ."

ಅಂಗಡಿಗೆ ಬಂದವರಿಗೆ, ಹೈದರಾಬಾದಿನ ಮೆಕ್ಯಾನಿಕ್ ಮಾಡಿಕೊಟ್ಟ ಎಂದು ಹೇಳಿದರಂತೆ. ಆಗಷ್ಟೇ ಮನೆಗೆ ಬಂದ ಸೊಸೆ ನಾನು, ಸುಮ್ಮನಾದೆ. ಒಮ್ಮೆ ಸುಮ್ಮನಾದವಳು ಎಂಟು ವರ್ಷ ಹಾಗೇ ಇದ್ದೆ.

ಹಳೆಯ ಬೋರ್ಡುಗಳನ್ನು ಕೊಳ್ಳಲು ಇಬ್ಬರೂ ಹೈದರಾಬಾದಿಗೆ ಹೋಗುತ್ತಿದ್ದೆವು. ವ್ಯಾಪಾರದ ಮಾತು ಗಂಡನದು, ನೋಡುವ ಕಣ್ಣು ನನ್ನದು. ಹಿಂಭಾಗದಲ್ಲಿ ಯಾರಾದರೂ ಒರಟಾಗಿ ಬೆಸೆದಿದ್ದಾರೆಯೇ, ಸುಟ್ಟ ವಾಸನೆ ಇದೆಯೇ, ಐಸಿ ಚಿಪ್ಪಿನ ಕಾಲಿಗೆ ತುಕ್ಕು ಹಿಡಿದಿದೆಯೇ ಎಂದು ನೋಡುತ್ತಿದ್ದೆ. ಬಾಯಿ ಬಿಡುವಂತಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರೆ ಬೇಡ ಎಂದರ್ಥ. ಈ ಗುರುತು ಮಾಡಿದ್ದು ಅವರೇ. ಒಮ್ಮೆ ನಾವು ಆರಿಸಿದ ಬೋರ್ಡು ನೋಡಿ ಅಂಗಡಿಯವನು, "ಸಾಹೇಬರ ನಜರ್ ಭಾಳ ಚಲೋ ಅದ," ಎಂದು ಹೊಗಳಿದ. ಗಂಡ ಮೀಸೆ ತಿರುವಿದರು. ಬರುವಾಗ ಬಸ್ಸಿನಲ್ಲಿ ಆ ಬೋರ್ಡನ್ನು ನಾನು ತೊಡೆಯ ಮೇಲಿಟ್ಟುಕೊಂಡು ತಂದೆ.

ತಂದವುಗಳ ಆರೈಕೆಯೂ ನನ್ನದೇ. ಬೋರ್ಡನ್ನು ಪೆಟ್ಟಿಗೆಗೆ ಸಿಕ್ಕಿಸುವ ಅಂಚಿನ ಹಿತ್ತಾಳೆ ಬಣ್ಣದ ಹಲ್ಲುಗಳು ಕಪ್ಪಾದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಬೇಕು. ಕೆಲವು ಚಿಪ್ಪುಗಳಿಗೆ ಗಾಜಿನ ಕಿಟಕಿ ಇರುತ್ತದೆ, ಅದಕ್ಕೆ ಬಹಳ ದಿನ ಬಿಸಿಲು ಬಿದ್ದರೆ ಒಳಗಿನ ಆಟ ಅಳಿಸಿಹೋಗುತ್ತದೆ. ಆ ಕಿಟಕಿ ಮುಚ್ಚಲು ಅಂಟಿಸಿದ ಚೀಟಿ ಒಣಗಿ ಉದುರಿದಲ್ಲೆಲ್ಲ ಕರಿ ಟೇಪ್ ಹಚ್ಚುತ್ತಿದ್ದೆ.

ಆಮೇಲೆ ಟಿವಿಗೆ ಜೋಡಿಸಿ ಆಡುವ ಆಟಗಳು ಮನೆಮನೆಗೆ ಬಂದವು. ನಮ್ಮ ಅಂಗಡಿ ಮುಚ್ಚಿತು. ಪೆಟ್ಟಿಗೆಗಳ ಹಲಗೆ ಯಾರದೋ ಮನೆಯ ಕಪಾಟಾಯಿತು. ಬೋರ್ಡುಗಳನ್ನು ಮಾತ್ರ ನಾನು ಬಿಡಲಿಲ್ಲ. ಹದಿನಾಲ್ಕು ಬೋರ್ಡುಗಳನ್ನು ಹಳೆಯ ಧೋತರದ ತುಂಡುಗಳಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಒಂದು ಪೆಟ್ಟಿಗೆಯ ಪರದೆಯನ್ನೂ ಉಳಿಸಿಕೊಂಡಿದ್ದೆ. ಅಮಾವಾಸ್ಯೆಗೊಮ್ಮೆ, ಮನೆ ತೊಳೆದ ಮೇಲೆ, ಒಂದೊಂದನ್ನೇ ಜೋಡಿಸಿ ನೋಡುತ್ತಿದ್ದೆ. ಹದಿನಾಲ್ಕೂ ಓಡುತ್ತಿದ್ದವು.

ಅಪ್ಪ ತೀರಿಕೊಂಡಾಗ ಹನ್ನೆರಡು ದಿನ ತವರಿನಲ್ಲಿದ್ದೆ. ತಿರುಗಿ ಬಂದು ಟ್ರಂಕ್ ತೆಗೆದರೆ ಒಳಗೆ ಚಾದರಗಳಿದ್ದವು.

"ಬೋರ್ಡ್ ಎಲ್ಲಿ ಅವರಿ?" ಎಂದೆ.

"ಭಂಗಾರದವನಿಗೆ ಕೊಟ್ಟೆ. ಹಳೇವು. ಈಗ ಯಾರು ಆಡ್ತಾರ?"

"ನನಗ ಒಂದ್ ಮಾತ್ ಕೇಳಬೇಕಿತ್ತಲ್ರಿ."

ಗಂಡ ಪೇಪರಿನಿಂದ ಮುಖ ಎತ್ತಲಿಲ್ಲ. "ಕೇಳಿದ್ರ ನೀ ಕೊಡಾಕ ಬಿಡ್ತಿದ್ದೇನು?"

ತಿಳಿಯದೆ ಕೊಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾನು ಮನೆಯಲ್ಲಿಲ್ಲದ ದಿನ ನೋಡಿಯೇ ಕೊಟ್ಟಿದ್ದರು. ನಾನು ಅಪ್ಪನ ಮಣ್ಣಿಗೆ ಹೋದ ದಿನಗಳನ್ನು ಅವರು ಅದಕ್ಕೆ ಆರಿಸಿಕೊಂಡಿದ್ದರು.

ಭಂಗಾರ, ಅಂದರೆ ಗುಜರಿ, ಕೊಳ್ಳುವವನ ಶೆಡ್ಡು ಕಾರ್ಖಾನೆಗಳ ಕಡೆಗಿತ್ತು. ಮರುದಿನ ಬೆಳಿಗ್ಗೆ ಆಟೊದಲ್ಲಿ ಹೋದೆ. ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಆ್ಯಸಿಡ್, ಮೂಗು ಸುಡುವ ಹೊಗೆ. ಚಿಪ್ಪು ಕಿತ್ತ ನನ್ನ ಬೋರ್ಡುಗಳು ಗೋಡೆಗೆ ಒರಗಿದ್ದವು. ಅಂಚಿನ ಹಲ್ಲುಗಳನ್ನು ಕತ್ತರಿಸಿ ತೆಗೆದಿದ್ದರು.

"ಇದರಾಗ ಚೂರು ಬಂಗಾರ ಇರ್ತದ್ರಿ ಅಕ್ಕಾರ," ಎಂದ ವ್ಯಾಪಾರಿ. "ಆದ್ರ ಇಷ್ಟು ಸ್ವಚ್ಛ ಮಾಲು ನಾ ನೋಡಿಲ್ಲ. ಯಾರೋ ಭಾಳ ಜತನ ಮಾಡಿ ಇಟ್ಟಿದ್ರು."

"ನಾನ ಇಟ್ಟಿದ್ದೆ," ಎಂದೆ. ಹೊರಗಿನವರ ಮುಂದೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಅವನು ಕೈ ಒರೆಸಿಕೊಂಡು ನನ್ನನ್ನೇ ನೋಡಿದ. "ಮೊದಲ ಗೊತ್ತಿದ್ರ ತಿರುಗಿ ಕೊಡ್ತಿದ್ದೆರಿ."

ಆ ಮಾತು ನಿಜವಿತ್ತು ಎಂದು ಈಗಲೂ ಅನ್ನಿಸುತ್ತದೆ. ಒಂದು ಬೋರ್ಡನ್ನು ಒಯ್ಯಿರಿ ಎಂದು ಎತ್ತಿಕೊಟ್ಟ. ಚಿಪ್ಪಿಲ್ಲದ ಹಲಗೆಯನ್ನು ತೆಗೆದುಕೊಂಡು ಏನು ಮಾಡಲಿ? ಬೇಡವೆಂದು ಬಂದೆ.

ಮುಂದಿನ ತಿಂಗಳಿನಿಂದ ಬಸವಕಲ್ಯಾಣಕ್ಕೆ ದಿನಾ ಬಸ್ಸು ಹತ್ತಿ, ಅಪ್ಪನ ಅಂಗಡಿಯ ಬಾಗಿಲು ತೆಗೆಯತೊಡಗಿದೆ. ಮೊದಲು ಬಂದ ಮುದುಕರೊಬ್ಬರು ನನ್ನನ್ನು ನೋಡಿ ಟೇಪ್ ರೆಕಾರ್ಡರ್ ವಾಪಸ್ ಒಯ್ದರು. ಎರಡನೆಯವರು ಟಿವಿ ಇಟ್ಟು ಹೋದರು. ಕೆಲಸ ಮೆಲ್ಲಗೆ ಕುದುರಿತು. ಗಂಡ ಬೇಡ ಎನ್ನಲಿಲ್ಲ. ನಾನು ಕೇಳಿರಲೂ ಇಲ್ಲ.

ಊಟಕ್ಕೆ ಕೂತಾಗ, "ಇವತ್ತ ಎಷ್ಟ್ ಸೆಟ್ ಬಂದ್ವು?" ಎನ್ನುತ್ತಾರೆ. ಎರಡು, ಮೂರು ಎಂದು ಹೇಳಿ ಇನ್ನೊಂದು ರೊಟ್ಟಿ ಹಾಕುತ್ತೇನೆ. ಅದಕ್ಕಿಂತ ಹೆಚ್ಚು ಮಾತು ನಮ್ಮಿಬ್ಬರ ನಡುವೆ ಉಳಿದಿಲ್ಲ.