ಮಿಲಿಟರಿ ಕಾಕಾನ ನಲವತ್ತು ರಿವೆಟ್ಟುಗಳು

ಮೊನ್ನೆ ಗೋಧಿ ಹುಗ್ಗಿಗೆಂದು ಬಾಣಲೆಯಲ್ಲಿ ಗಸಗಸೆ ಹುರಿಯುತ್ತಿದ್ದೆ. ಘಮ್ಮೆಂದು ವಾಸನೆ ಏಳುತ್ತಿದ್ದಂತೆ ಕೈ ನಿಂತುಬಿಟ್ಟಿತು. ನೋಡನೋಡುತ್ತ ಗಸಗಸೆ ಕಪ್ಪಗಾಯಿತು. "ಎಲ್ಲಿ ಐತಿ ನಿನ್ನ ಲಕ್ಷ್ಯ?" ಎಂದು ಮನೆಯವರು ಅಂಗಡಿಯಿಂದಲೇ ಕೂಗಿದರು. ನನ್ನ ಲಕ್ಷ್ಯ ಇದ್ದದ್ದು ಹಿತ್ತಲಿನ ಕೋಣೆಯಲ್ಲಿ, ಅಲ್ಲಿ ಬಾಡಿಗೆಗಿದ್ದ ಮಿಲಿಟರಿ ಕಾಕಾನ ಮೇಲೆ...

ಹಿರೇಕೆರೂರಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಆ ಕೋಣೆ. ಏಳೆಂಟು ವರ್ಷದ ಹಿಂದೆ ಕಾಕಾ ಅದನ್ನು ಕೇಳಿಕೊಂಡು ಬಂದರು. ಮಾಸೂರಿನವರಂತೆ, ವಾಯುಸೇನೆಯಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದರಂತೆ, ಈಗ ನಿವೃತ್ತರಂತೆ. ಮನೆಯವರು ಎಲ್ಲವನ್ನೂ ನಂಬಿದರು. ನಾನು ನಂಬಲಿಲ್ಲ. ಮಾಸೂರು ಇಲ್ಲೇ ಇದೆ, ಅಲ್ಲಿ ಸ್ವಂತ ತಮ್ಮನ ಮನೆ ಇದೆ. ಅದನ್ನು ಬಿಟ್ಟು ನಮ್ಮ ಹತ್ತಡಿ ಕೋಣೆಗೆ ಯಾಕೆ ಬರಬೇಕು? ಕೇಳಿದೆ. "ಅಲ್ಲಿ ಗದ್ದಲ ಭಾಳ ರೀ ಅಕ್ಕಾರ, ಕೆಲಸ ಆಗಂಗಿಲ್ಲ" ಅಂದರು. ನಿವೃತ್ತರಿಗೆ ಎಂಥ ಕೆಲಸ ಎಂದು ಮತ್ತೆ ಕೇಳಿದರೆ, ಕಿವಿ ಕೇಳಿಸದವರಂತೆ ನಕ್ಕು ಒಳಗೆ ಹೋದರು. ಅವರಿಗೆ ನಿಜಕ್ಕೂ ಕಿವಿ ಮಂದ ಎಂದು ತಿಳಿಯುವ ಹೊತ್ತಿಗೆ ನನ್ನ ಅನುಮಾನ ಚೆನ್ನಾಗಿ ಬೇರು ಬಿಟ್ಟಾಗಿತ್ತು.

ನನ್ನದು ಮೊದಲಿನಿಂದಲೂ ಅನುಮಾನದ ಜೀವ. ಬೆಣ್ಣೆ ತಂದವರ ಎದುರಿಗೇ ಮೂಸಿ ನೋಡುತ್ತೇನೆ, ಬೆಲ್ಲ ಮುರಿದು ನೋಡುತ್ತೇನೆ. "ನೀ ಅಂಗಡ್ಯಾಗ ಅಲ್ಲ, ಚೆಕ್‌ಪೋಸ್ಟಿನ್ಯಾಗ ಕುಂದ್ರಬೇಕಾಗಿತ್ತು ನೋಡು" ಎಂದು ಮನೆಯವರು ಆಡಿಕೊಳ್ಳುತ್ತಾರೆ. ಹೆಮ್ಮೆಯಿಂದ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ಕಾಕಾ ವಾರಕ್ಕೊಮ್ಮೆ ಅಂಗಡಿಗೆ ಬಂದು ಗಸಗಸೆ ಒಯ್ಯುತ್ತಿದ್ದರು. ಒಂಟಿ ಗಂಡಸು, ಊಟಕ್ಕೆ ಖಾನಾವಳಿ, ಗಸಗಸೆ ಯಾಕೆ? ಒಮ್ಮೆ ಪೊಟ್ಟಣ ವಾಪಸು ತಂದರು. "ಇದ್ರಾಗ ದಪ್ಪ, ಸಣ್ಣ ಎಲ್ಲಾ ಕೂಡ್ಯಾವ್ರಿ. ಒಂದ ಅಳತಿವು ಬೇಕಾಗಿದ್ದು." ಗಸಗಸೆಗೆ ಅಳತೆ ಕೇಳಿದ ಗಿರಾಕಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಇನ್ನೊಮ್ಮೆ ಕರ್ಚಿಕಾಯಿಯ ಅಂಚು ಕತ್ತರಿಸುವ ಹಲ್ಲಿನ ಗಾಲಿ ಕಡ ಒಯ್ದರು. ಹಬ್ಬ ಇನ್ನೂ ಎರಡು ತಿಂಗಳಿತ್ತು. ವಾಪಸು ಕೊಟ್ಟಾಗ ಅದರ ಹಲ್ಲುಗಳನ್ನು ಉಜ್ಜಿ ಚೂಪು ಮಾಡಿದ್ದರು. ಅಂದಿನಿಂದ ನಮ್ಮ ಮನೆಯ ಕರ್ಚಿಕಾಯಿಗಳ ಅಂಚು ಹರಿಯುತ್ತದೆ.

ಅಷ್ಟರಲ್ಲಿ ಔಷಧಿ ಅಂಗಡಿಯವನು ಬಂದು, ನಿಮ್ಮ ಬಾಡಿಗೆಯವರು ಇಂಜೆಕ್ಷನ್ ಸಿರಿಂಜು ಒಯ್ದರು, ಯಾರಿಗೆ ಹುಷಾರಿಲ್ಲ ಎಂದು ಕೇಳಿದ. ಗಸಗಸೆ ಅಫೀಮು ಗಿಡದ ಬೀಜ ಎಂದು ಕಿರಾಣಿ ಅಂಗಡಿಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಸಗಸೆ, ಸಿರಿಂಜು, ಸದಾ ಮುಚ್ಚಿದ ಬಾಗಿಲು. ಸಾಲದ್ದಕ್ಕೆ ಏಪ್ರಿಲ್ ತಿಂಗಳ ಧಗೆಯಲ್ಲೂ ಕೋಣೆಯ ಫ್ಯಾನು ತಿರುಗುತ್ತಿರಲಿಲ್ಲ. ನಶೆಯಲ್ಲಿ ಬಿದ್ದವರಿಗೆ ಸೆಕೆ ಎಲ್ಲಿ ತಿಳಿಯುತ್ತದೆ ಎಂದು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟೆ.

ಮರುದಿನವೇ ಮೀಟರು ನೋಡುವ ನೆಪದಲ್ಲಿ ಬಾಗಿಲು ತಟ್ಟಿದೆ. ಕಾಕಾ ಒಂದಿಷ್ಟೂ ಅಳುಕದೆ ತೆರೆದರು. ಒಳಗೆ ಮೇಜಿನ ತುಂಬ ಒಂದು ಹೆಲಿಕಾಪ್ಟರ್ ಕುಳಿತಿತ್ತು. ನಿಜವಾದದ್ದರ ಎಂಟನೇ ಒಂದು ಭಾಗವಂತೆ, ಮೂತಿಯಿಂದ ಬಾಲದವರೆಗೆ ನಾಲ್ಕಡಿ. ಗೊಟಗೋಡಿ ಕಡೆ ಫೈಬರಿನ ಗೊಂಬೆ ಮಾಡುವವರಿಂದ ಒಡಲು ಮಾಡಿಸಿಕೊಂಡು, ಅದರ ಮೇಲೆ ಪ್ರಿಂಟಿಂಗ್ ಪ್ರೆಸ್ಸಿನ ಹಳೆಯ ತೆಳು ತಗಡು ಕತ್ತರಿಸಿ ಹೊದಿಸಿದ್ದರು. ತಗಡಿನ ಮೇಲೆ ಸಾಲು ಸಾಲಾಗಿ ಗಸಗಸೆ.

"ಇವು ರಿವೆಟ್ ರೀ, ತಗಡಿಗೆ ತಗಡು ಕೂಡಸೋ ಮೊಳಿ" ಎಂದರು. ಸಿರಿಂಜಿನಿಂದ ಗೋಂದಿನ ಒಂದು ಚುಕ್ಕೆ ಇಟ್ಟು, ಸೂಜಿಯ ತುದಿ ಒದ್ದೆ ಮಾಡಿ ಒಂದು ಕಾಳು ಎತ್ತಿ, ಚುಕ್ಕೆಯ ಮೇಲೆ ಕೂರಿಸಿ ತೋರಿಸಿದರು. ಬಣ್ಣ ಹೊಡೆದ ಮೇಲೆ ಅದು ಥೇಟ್ ರಿವೆಟ್ಟಿನ ಗುಂಡುತಲೆಯೇ. ಮೂತಿಯ ಕಡೆ ತಲೆ ಮೇಲೇಳದ ರಿವೆಟ್ಟುಗಳಿರುತ್ತವಂತೆ, ಅಲ್ಲಿ ನಮ್ಮ ಗಾಲಿ ಉರುಳಿಸಿ ಬರೀ ಗುರುತು ಮೂಡಿಸಿದ್ದರು. ಫ್ಯಾನು ಹಚ್ಚಿದರೆ ಕಾಳೆಲ್ಲ ಹಾರಿಹೋಗುತ್ತವೆ, ಅದಕ್ಕೇ ಸೆಕೆ ತಡೆದುಕೊಂಡು ಕೂರುತ್ತಿದ್ದರು. ಮಾಸೂರಿನಲ್ಲಿ ತಾವು ಕಲಿತ ಶಾಲೆಗೆ ಇದನ್ನು ಕೊಡಬೇಕು ಎಂಬುದು ಅವರ ಆಸೆ. "ಕಣ್ಣು ದಿನಾ ಮಂದ ಆಗಾಕತ್ತಾವ್ರಿ ಅಕ್ಕಾರ. ಅವು ಪೂರ್ತಿ ಹೋಗೂದ್ರಾಗ ಇದು ಮುಗೀಬೇಕು, ಅಷ್ಟ."

ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಬರುತ್ತಿದ್ದರು. ನನ್ನ ಕಣ್ಣು ಬಾಲದ ಎಡಮಗ್ಗುಲಿಗೆ ಹೋಯಿತು. ಎಲ್ಲ ಕಡೆ ದಾರ ಹಿಡಿದಂತೆ ನೆಟ್ಟಗಿದ್ದ ಸಾಲು, ಅಲ್ಲಿ ಅಂಗೈಯಗಲದ ಒಂದು ತೇಪೆಯ ಸುತ್ತ ಮಾತ್ರ ಸೊಟ್ಟಸೊಟ್ಟಗಿತ್ತು. ಒಂದು ಕಾಳು ಮೇಲೆ, ಒಂದು ಕೆಳಗೆ. "ಇದ್ಯಾಕ ಹಿಂಗೈತ್ರಿ?" ಎಂದೆ. ಕಾಕಾ ಮುಖ ಬಿಗಿ ಮಾಡಿಕೊಂಡರು. "ಅದು ಹಂಗ ಇರಬೇಕ್ರಿ. ಅದರ ಸುದ್ದಿ ಹೇಳಂಗಿಲ್ಲ" ಎಂದು ಅದರ ಮೇಲೊಂದು ಟವೆಲ್ಲು ಹಾಕಿದರು.

ಮುಗಿಯಿತು ನನ್ನ ನಿದ್ದೆ. ಕಾಳಿಗೂ ಅಳತೆ ನೋಡುವ ಮನುಷ್ಯ ಒಂದೇ ಕಡೆ ಯಾಕೆ ಸೊಟ್ಟ ಕೂರಿಸುತ್ತಾನೆ? ಅದನ್ನು ಪದೇ ಪದೇ ತೆಗೆದು ಮುಚ್ಚುತ್ತಿರಬೇಕು, ಒಳಗೆ ಏನನ್ನೋ ಬಚ್ಚಿಟ್ಟಿರಬೇಕು. ಮನೆಯವರಿಗೆ ಹೇಳಿದೆ. "ಹುಚ್ಚಿ ಅದೀ" ಎಂದು ಅವರು ತಕ್ಕಡಿ ಒರೆಸತೊಡಗಿದರು.

ಕಾಕಾ ಹಾವೇರಿಗೆ ಕಣ್ಣು ತೋರಿಸಲು ಹೋದ ದಿನ ನನ್ನ ಹತ್ತಿರವಿದ್ದ ಇನ್ನೊಂದು ಬೀಗದಕೈಯಿಂದ ಕೋಣೆ ತೆರೆದೆ. ಟವೆಲ್ಲು ತೆಗೆದು, ಹೇರ್‌ಪಿನ್ನು ತೂರಿಸಿ ಆ ತೇಪೆಯನ್ನು ಮೀಟಿದೆ. ಟಪಕ್ಕನೆ ಬಿಚ್ಚಿಕೊಂಡಿತು, ಕಾಳುಗಳು ನೆಲದ ಪಾಲಾದವು. ತಗಡಿನ ಒಳಮೈಯಲ್ಲಿ ಅಕ್ಷರಗಳಿದ್ದವು! ಬೆಳಕಿಗೆ ಹಿಡಿದು ಓದಿದೆ. "ತಮ್ಮ ಆಗಮನಾಭಿಲಾಷಿಗಳು" ಎಂದಿತ್ತು. ಯಾರದೋ ಮದುವೆಯ ಆಮಂತ್ರಣ, ಪ್ರೆಸ್ಸಿನ ಹಳೆಯ ತಗಡಿನಲ್ಲಿ ಉಳಿದುಕೊಂಡದ್ದು. ಅದರ ಅಡಿಯಲ್ಲಿ ಫೈಬರಿನ ಒಡಲು ಬಿಟ್ಟರೆ ಬೇರೇನೂ ಇರಲಿಲ್ಲ.

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಅವರು ಬರುವುದರೊಳಗೆ ಸರಿಮಾಡಬೇಕಿತ್ತು. ತಗಡು ಅಂಟಿಸಿ, ಅವರ ಸಿರಿಂಜು, ಅವರ ಸೂಜಿ ಹಿಡಿದು ಕುಳಿತೆ. ದಿನಾ ಬೆಳಗ್ಗೆ ರಂಗೋಲಿಯ ಚುಕ್ಕೆ ಇಡುವ ಕೈ ನನ್ನದು, ಒಂದು ಕಾಳೂ ಅತ್ತಿತ್ತ ಆಗಲಿಲ್ಲ. ಪಟ್ಟಿ ಹಿಡಿದು ನಲವತ್ತು ಕಾಳುಗಳನ್ನೂ ನೆಟ್ಟಗೆ, ಸಮ ಅಂತರದಲ್ಲಿ ಕೂರಿಸಿದೆ. ಮುಗಿದಾಗ ಭಯ ಹೋಗಿ ಹೆಮ್ಮೆಯೇ ಬಂದಿತ್ತು. ಮೊದಲಿಗಿಂತ ಚೆಂದವಾಯಿತು, ಕಾಕಾ ನೋಡಿದರೂ ಖುಷಿಪಡುತ್ತಾರೆ ಅಂದುಕೊಂಡೆ.

ಸಂಜೆಯ ಬಸ್ಸಿಗೆ ಬಂದರು. ನಾನು ಚಹಾ ಹಿಡಿದು ಹಿಂದೆಯೇ ಹೋದೆ. ಇನ್ನು ಸೂಜಿ ಹಿಡಿಯುವ ಕೆಲಸ ಸಾಕು ಎಂದಿದ್ದರಂತೆ ಡಾಕ್ಟರು. "ಇರಲಿ ಬಿಡ್ರಿ, ಎಲ್ಲಾ ಮುಗದೈತಿ. ಬಣ್ಣ, ವಾರ್ನಿಶ್ ಅಷ್ಟ ಬಾಕಿ" ಎನ್ನುತ್ತ ಟವೆಲ್ಲು ಸರಿಸಿ ತೇಪೆಯ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು. ಮತ್ತೆ ಮೊದಲಿನಿಂದ ಆಡಿಸಿದರು.

"ಇದು ಯಾರು ಮಾಡಿದ್ದು?"

ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಕಾಕಾ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ, ಹೇಳಬಾರದೆಂದುಕೊಂಡದ್ದನ್ನು ಹೇಳಿದರು. ಹಿಮದ ಗುಡ್ಡದ ಮೇಲೆ ಒಮ್ಮೆ ಹೆಲಿಕಾಪ್ಟರಿನ ಬಾಲಕ್ಕೆ ಕಲ್ಲು ಬಡಿದು ತಗಡು ಸೀಳಿತ್ತಂತೆ. ಕೆಳಗೆ ಒಯ್ಯಬೇಕಾದ ನಾಲ್ವರು ರೋಗಿಗಳು ಕಾಯುತ್ತಿದ್ದರು. ರಿವೆಟ್ ಹೊಡೆಯುವ ಯಂತ್ರ ಅಲ್ಲಿರಲಿಲ್ಲ.

"ಕೈಸುತ್ತಿಗಿಲೆ ಹೊಡದ್ವಿ. ಹೊರಗ ನಾನು, ಒಳಗ ಮೊಳಿ ತುದಿಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡದು ನನ್ನ ದೋಸ್ತ. ಒಬ್ಬರಿಗೊಬ್ಬರು ಕಾಣಂಗಿಲ್ಲ. ಒಳಗಿಂದ ಎರಡು ಸಲ ಬಡದ್ರ ಚಲೋ ಕುಂತೈತಿ ಅಂತ ನಂಬಬೇಕು. ಬೆರಳು ಸೆಟದಿದ್ದು, ಸಾಲು ಸೊಟ್ಟ ಆತು. ಆದ್ರ ನಾಲ್ಕೂ ಮಂದಿ ಇಳದ್ರು. ಮರುದಿನ ಕೆಳಗಿನವ್ರು ಕಾಯ್ದೆ ಪ್ರಕಾರ ಅದನ್ನ ಕಿತ್ತು ಒಗದು, ನೆಟ್ಟಗಂದು ಹಾಕಿದ್ರು."

ಟವೆಲ್ಲನ್ನು ಮಡಚುತ್ತ ಹೇಳಿದರು. "ಉಳಿದ ರಿವೆಟ್ ಎಲ್ಲಾ ಫ್ಯಾಕ್ಟರ್ಯಾವು ರೀ ಅಕ್ಕಾರ. ಆ ನಲವತ್ತಷ್ಟ ನಮ್ಮವು."

ನಾನು ಅತ್ತುಬಿಟ್ಟೆ. ನೀವು ಹೇಳ್ರಿ, ಮತ್ತೆ ಹಾಗೇ ಕೂರಿಸುತ್ತೇನೆ ಎಂದೆ. ಕಾಕಾ ತಲೆಯಾಡಿಸಿದರು. "ನನಗ ಕಣ್ಣು ಕಾಣಂಗಿಲ್ಲ. ನಿಮಗ ಆ ಸೊಟ್ಟಸಾಲು ಗೊತ್ತಿಲ್ಲ." ಅಷ್ಟೇ. ಮರುವಾರ ಬಣ್ಣ, ವಾರ್ನಿಶ್ ಹೊಡೆದು ಶಾಲೆಗೆ ಕೊಟ್ಟರು, ಕೋಣೆ ಬಿಟ್ಟು ಸವಣೂರಿನ ತಂಗಿಯ ಮನೆಗೆ ಹೋದರು. ಹೋಗುವಾಗ ಚಹಾ ಕುಡಿದೇ ಹೋದರು, ಅದು ಅವರ ದೊಡ್ಡತನ. ಹೋದ ವರ್ಷ ತೀರಿಕೊಂಡ ಸುದ್ದಿ ಬಂತು. ಆಗಲೂ ನಾನು ಹೋಗಲಿಲ್ಲ, ಮುಖವಿರಲಿಲ್ಲ...

ಗಸಗಸೆ ಸೀದ ಮರುದಿನ ಬಸ್ಸು ಹತ್ತಿ ಮಾಸೂರಿಗೆ ಹೋದೆ. ಶಾಲೆಯಲ್ಲಿ ಹೆಲಿಕಾಪ್ಟರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೊಸದಾಗಿ ಬಂದ ಟೀಚರು ಅಕ್ಕರೆಯಿಂದ ತೋರಿಸಿದರು. ಬಾಲದ ಎಡಮಗ್ಗುಲಿಗೆ ಬಂದು, "ಇಲ್ಲಿ ನೋಡ್ರಿ, ಎಷ್ಟು ನೀಟಾಗಿ ಕೂಡಿಸ್ಯಾರ ಅಜ್ಜಾರು" ಎಂದರು.

"ಅದಷ್ಟು ಅವರದಲ್ರಿ" ಎಂದೆ. "ಅದನ್ನ ಕಿತ್ತಾಕಿ ಹಂಗ ಮಾಡಿದಾಕಿ ನಾನು."

ಟೀಚರ ನಗು ನಿಂತಿತು. ನನ್ನ ಸೀರೆ, ಕೈಚೀಲ, ಮುಖ ಎಲ್ಲವನ್ನೂ ಒಮ್ಮೆ ಅಳೆದರು. ಪೆಟ್ಟಿಗೆಯ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ, ನನಗೆ ಬಾಗಿಲು ತೋರಿಸಿದರು.