ಕನ್ನಡಿ ನಿಂತರೆ ಬೆಳಕು ನಿಲ್ಲಬೇಕು

ಖಾದರ ಚಾಚಾ ಯಾರೊಡನೆ ಮಾತಾಡಿದರೂ ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿಕೊಂಡೇ ಮಾತಾಡುತ್ತಿದ್ದರು. ಗೊತ್ತಿಲ್ಲದವರು ಸೊಕ್ಕು ಅಂದುಕೊಳ್ಳುತ್ತಿದ್ದರು. ಅವರ ಎಡಗಣ್ಣು ಕಾಣುತ್ತಿರಲಿಲ್ಲ. ಬಲಗಣ್ಣಿನಿಂದ ನಮ್ಮನ್ನು ಪೂರ್ತಿಯಾಗಿ ನೋಡಲು ಹಾಗೆ ತಿರುಗುತ್ತಿದ್ದರು.

ಇಳಕಲ್ಲಿನಲ್ಲಿ ಪವರ್‌ಲೂಮ್ ರಿಪೇರಿ ಅವರ ಕಸುಬು, ಲೇಸರ್ ಆಟ ಅವರ ಹುಚ್ಚು. ಗೋಡೆಯ ಮೇಲೆ ಹಸಿರು ಬೆಳಕಿನಲ್ಲಿ ನವಿಲು, ಆನೆ, ಸೀರೆ ಸೆರಗಿನ ತೆನೆ ಬರೆಯುತ್ತಿದ್ದರು. ಉಗುರಿನಷ್ಟು ಅಗಲದ ಎರಡು ಕನ್ನಡಿಗಳು ಅದುರಿ ಒಂದೇ ಚುಕ್ಕಿಯನ್ನು ಓಡಿಸುತ್ತವೆ, ನಮ್ಮ ಕಣ್ಣಿಗೆ ಅದು ಗೆರೆ. ಕನ್ನಡಿಗಳನ್ನು ಕಂಪ್ಯೂಟರಿನಿಂದ ಕುಣಿಸುವ ಡಬ್ಬಿ ಪೇಟೆಯಲ್ಲಿ ಬಲು ತುಟ್ಟಿ. ಚಾಚಾ ಹಳೆಯ ಯುಎಸ್‌ಬಿ ಸೌಂಡ್ ಕಾರ್ಡಿನಲ್ಲೇ ಅದನ್ನು ಮಾಡಿದರು.

"ಹಾಡಿಗಂತ ಮಾಡಿದ್ದಿದು, ಮಾಸ್ತರ. ನಿಂತ ಕರೆಂಟ್ ದಾಟಬಾರದಂತ ಬಾಗಲದಾಗ ಕೆಪಾಸಿಟರ್ ಕುಂದರಿಸ್ಯಾರ. ಅವನ್ನ ಕಿತ್ತು ಒಗದ್ರ ಕನ್ನಡಿ ನಾವು ಹೇಳಿದಲ್ಲೇ ನಿಂದರತಾವು" ಎಂದು ನನಗೆ ತೋರಿಸಿದ್ದರು. ನಾನು ಹುನಗುಂದದ ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಆ ದಿನ ನಾನೇ ವಿದ್ಯಾರ್ಥಿ.

ಮೊದಲ ಡಬ್ಬಿಯೇ ಅವರ ಕಣ್ಣು ತೆಗೆದುಕೊಂಡಿತ್ತು. ಕಂಪ್ಯೂಟರ್ ನಡುವೆ ಹ್ಯಾಂಗ್ ಆಗಿ ಕನ್ನಡಿಗಳು ನಿಂತವು. ಯಾಕೆ ನಿಂತವು ಎಂದು ಚಾಚಾ ಬಗ್ಗಿ ನೋಡಿದರು. ಓಡದೆ ನಿಂತ ಬೆಳಕಿಗೆ ಕಣ್ಣು ಸುಡಲು ರೆಪ್ಪೆ ಮುಚ್ಚುವಷ್ಟು ಹೊತ್ತೂ ಬೇಡ. ಬಾಗಲಕೋಟೆ ದವಾಖಾನೆಯಿಂದ ಬಂದವರೇ ಡಬ್ಬಿಯೊಳಗೆ ಇನ್ನೊಂದು ಸರ್ಕ್ಯೂಟ್ ಸೇರಿಸಿದರು. ಕನ್ನಡಿ ನಿಂತ ಕ್ಷಣ ಲೇಸರ್ ಆರಬೇಕು.

"ಎಳಿ ಹರದ್ರ ಮಗ್ಗ ತಾನ ನಿಂದರತೈತಿ. ಇದೂ ಹಂಗ. ಇನ್ನೊಬ್ಬರ ಕಣ್ಣು ಹೋಗಬಾರದ್ರಿ."

ಅದಿಲ್ಲದ ಡಬ್ಬಿಯನ್ನು ಅವರು ಯಾರಿಗೂ ಕೊಡಲಿಲ್ಲ. ಬಾದಾಮಿ, ಗುಡೂರು, ಬಾಗಲಕೋಟೆಯ ಹವ್ಯಾಸಿಗಳು ಒಯ್ದರು. ನಮ್ಮ ಶಾಲೆಗೂ ಒಂದು ಬಂತು.

ನಮ್ಮದು ಮಗ್ಗದ ಮನೆ. ಎಳೆ ಹರಿದರೆ ಮಗ್ಗ ನಿಲ್ಲಿಸಲು ಒಂದು ಸಣ್ಣ ಕಬ್ಬಿಣದ ಮುಳ್ಳಿರುತ್ತದೆ. ಪದೇ ಪದೇ ನಿಲ್ಲಿಸಿ ಬೇಸರ ತಂದರೆ ನಾವು ಅದನ್ನು ದಾರದಿಂದ ಕಟ್ಟಿಬಿಡುತ್ತಿದ್ದೆವು. ಹೋದರೆ ಒಂದಿಷ್ಟು ಬಟ್ಟೆ ಹೋದೀತು. ಶಾಲೆಯ ಸ್ನೇಹಸಮ್ಮೇಳನದ ದಿನ ಡಬ್ಬಿಯೂ ಹಾಗೇ ಕಾಡಿತು. ಆನೆಗೆ ಸೊಂಡಿಲು ಬರುವಷ್ಟರಲ್ಲಿ ಕನ್ನಡಿ ಕೊಂಚ ತಡೆದು ಬೆಳಕು ಆರುತ್ತಿತ್ತು. ಸಿಟ್ಟು ಬಂದು ಮುಚ್ಚಳ ಬಿಚ್ಚಿ, ಚಾಚಾರ ಸರ್ಕ್ಯೂಟು ಬೆಳಕು ಆರಿಸದಂತೆ ಅದಕ್ಕೆ ಅಡ್ಡಲಾಗಿ ಒಂದು ತುಂಡು ವೈರ್ ಜೋಡಿಸಿದೆ. ಕೈ ರೂಢಿಯ ಕೆಲಸ ಮಾಡಿತು, ತಲೆ ಕೇಳಲೇ ಇಲ್ಲ.

ಮಧ್ಯಾಹ್ನ ಪರದೆ ಎಳೆದ ಹಾಲಿನಲ್ಲಿ ಆಟ ಚೆನ್ನಾಗಿ ನಡೆಯಿತು. ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಚಾಚಾ ಕೂತಿದ್ದರು. ಅಲ್ಲಿಂದ ಬಲಗಣ್ಣಿಗೆ ಇಡೀ ಗೋಡೆ ಕಾಣುತ್ತಿತ್ತು. ಆಟದ ನಡುವೆ ಕಂಪ್ಯೂಟರ್ ಹ್ಯಾಂಗ್ ಆಯಿತು. ಆನೆ ಮಾಯವಾಗಿ ಗೋಡೆಯ ಮೇಲೆ ಒಂದೇ ಹಸಿರು ಚುಕ್ಕಿ ಉಳಿಯಿತು. ಅದನ್ನು ಹಿಡಿಯುತ್ತೇನೆಂದು ಒಬ್ಬ ಹುಡುಗಿ ನಗುತ್ತ ಕುರ್ಚಿ ಹತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ಚಾಚಾ ಎದ್ದು, ಮುಖ ಹೊರಳಿಸಿ, ಪಕ್ಕದ ಮೇಜಿನ ಮೇಲಿದ್ದ ಲೇಸರಿನ ಬಾಯಿಗೆ ಅಂಗೈ ಒತ್ತಿ ನಿಂತರು.

"ಕರೆಂಟಿನ ವೈರ್ ಕೀಳ್ರಿ, ಮಾಸ್ತರ!"

ಕಿತ್ತೆ. ಹುಡುಗಿಗೆ ಏನೂ ಆಗಿರಲಿಲ್ಲ. ಚಾಚಾರ ಅಂಗೈಯಲ್ಲಿ ಕೆಂಪು ಕಲೆ ಎದ್ದಿತ್ತು. ಡಬ್ಬಿ ಬಿಚ್ಚಿ ನನ್ನ ವೈರನ್ನು ನೋಡಿದರು.

"ಮುಳ್ಳು ಕಟ್ಟೀರೇನ್ರಿ?" ಎಂದರು, ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಆಮೇಲೆ ಬಸ್ಸು ಹತ್ತಿ ಊರೂರು ತಿರುಗಿ, ತಾವು ಕೊಟ್ಟ ಡಬ್ಬಿಗಳನ್ನೆಲ್ಲ ಬಿಚ್ಚಿದರಂತೆ. ಸರ್ಕ್ಯೂಟಿನ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಅಂಟು ಸುರಿದರಂತೆ. ಕೊನೆಗೆ ನನ್ನದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಕಾಲು ಮುಟ್ಟಲು ಬಗ್ಗಿದೆ, ತಡೆದರು.

"ತಪ್ಪು ನಂದೂ ಐತ್ರಿ. ಮಗ್ಗದ ಮನ್ಯಾಗ ಹುಟ್ಟಿದವನ ಕೈಯಾಗ ಬಿಚ್ಚಾಕ ಬರೂವಂಥ ಡಬ್ಬಿ ಕೊಟ್ಟಿದ್ದೆ" ಎಂದು ನಕ್ಕರು. ಚಹಾ ಕುಡಿದು ಹೊರಟರು. ಅದೇ ಕೊನೆಯ ಭೇಟಿ. ತಿಂಗಳು ತುಂಬುವುದರೊಳಗೆ ಎದೆನೋವಿನಿಂದ ತೀರಿಕೊಂಡರು.

ಈ ವರ್ಷದ ಸಮ್ಮೇಳನದಲ್ಲೂ ಸೊಂಡಿಲು ಬರುವಷ್ಟರಲ್ಲಿ ಬೆಳಕು ಆರಿತು. "ಸರ್, ಕೆಟ್ಟೈತ್ರಿ!" ಎಂದು ಮಕ್ಕಳು ಕೂಗಿದರು.

"ಕೆಟ್ಟಿಲ್ಲ, ಸುಮ್ಮನ ಕುಂದರ್ರಿ" ಎಂದೆ. ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಈ ಸಲ ಯಾರನ್ನೂ ಕೂರಿಸಿರಲಿಲ್ಲ.