ಪ್ರತಿ ವರ್ಷ ಕೆಂಪಾಗುವ ಕಾಗದ

ಕಲಿಯುವವರೇ ರೊಕ್ಕ ಕಟ್ಟಬೇಕು, ಇದು ಲೋಕರೂಢಿ. ಕಾಲೇಜಿನ ಬಾಗಿಲು ನೋಡದೆ ಬಿ.ಎಡ್. ಹೊತ್ತು ಬರುವವರೂ ಹಾಜರಿಗೆ ಬೇರೆ, ಪ್ರಯೋಗಕ್ಕೆ ಬೇರೆ ಕಟ್ಟುತ್ತಾರೆ. ನಾಳೆ ಅವರೇ ನಮ್ಮ ಮಕ್ಕಳ ಮುಂದೆ ನಿಂತು ಪ್ರಾಮಾಣಿಕತೆಯ ಪಾಠ ಮಾಡುತ್ತಾರೆ. ಹೀಗಿರುವಾಗ, ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನ ಆಮ್ರಪಾಲಿಗೆ ಟೀಚರಿಕೆ ಕಲಿಯಲಿಕ್ಕೇ ತಿಂಗಳ ಪಗಾರ ಸಿಗುತ್ತದೆಂದರೆ ಅವಳಪ್ಪ ಮಚ್ಚೇಂದ್ರ ನಂಬುವುದು ಹ್ಯಾಂಗ?

"ಏನೋ ಮೋಸ ಅದ," ಎಂದು ಹೆಂಡತಿಗೆ ಹೇಳಿದ. "ಪುಕ್ಕಟೆ ಕಲಿಸ್ತೀವಿ ಅಂದ್ರನ ಅನುಮಾನ ಪಡಬೇಕು. ಇವ್ರು ಮ್ಯಾಲ ರೊಕ್ಕಾನೂ ಕೊಡ್ತಾರಂತ. ಕಿಡ್ನಿ ಗಿಡ್ನಿ ತಗೋತಾರೇನ?"

"ಎರಡ ಅವಲ್ರಿ, ಒಂದ ತಗೊಳ್ಲಿ," ಅಂದಳು ಸುಮನಬಾಯಿ. "ಪೋರಿ ಮೇಡಮ್ ಆದ್ರ ಸಾಕು."

ವ್ಯವಸ್ಥೆ ಇಷ್ಟೇ. ಬಿ.ಎಸ್ಸಿ. ಮುಗಿಸಿದ ಆಮ್ರಪಾಲಿ ವರ್ಷವಿಡೀ ಬಸವಕಲ್ಯಾಣದ ಒಂದು ಶಾಲೆಯಲ್ಲಿ ಹಿರಿಯ ವಿಜ್ಞಾನ ಮಾಸ್ತರರ ಬೆನ್ನಿಗಿದ್ದು ಕಲಿಸುವುದನ್ನು ಕಲಿಯಬೇಕು. ರವಿವಾರ ಹುಮನಾಬಾದಿನ ತರಬೇತಿ ಕೇಂದ್ರದಲ್ಲಿ ಅವಳಿಗೇ ಪಾಠ, ಪಗಾರವೂ ಆ ಕೇಂದ್ರದ್ದೇ. ನಡುವರ್ಷಕ್ಕೆ ಕೇಂದ್ರದವರು ಬಂದು ಅವಳ ಒಂದು ಪಾಠ ನೋಡುತ್ತಾರೆ. ಪಾಸಾದರೆ ವರ್ಷ ಪೂರ್ತಿ, ಕೊನೆಗೆ ನೌಕರಿ. ಇಲ್ಲವಾದರೆ ಪಗಾರ ಬಂದ್, ಟೀಚರಿಕೆಯೂ ಬಂದ್.

ಅವಳ ಗುರು ಮಹಾರುದ್ರಪ್ಪ ಮಾಸ್ತರರು ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಒಳ್ಳೆಯ ಮನುಷ್ಯ, ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಅವಳಿಗೇ ಕೊಡುವವರು. ಆದರೆ ಪ್ರಯೋಗದ ಕಪಾಟಿನ ಕೀಲಿ ಮಾತ್ರ ಅವರ ಸೊಂಟದ ಉಡದಾರದಲ್ಲಿತ್ತು. ದಸರೆಗೆ ಕಪಾಟು ತೆಗೆದು, ಗಾಜಿನ ಸಾಮಾನಿಗೆಲ್ಲ ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಮುಚ್ಚುವುದು ಪದ್ಧತಿ.

"ಪ್ರಯೋಗ ಮಾಡಿದ್ರ ತಪ್ಪಬಹುದು ತಂಗಿ," ಅನ್ನುವರು. "ಬಾಯಿಲೆ ಹೇಳಿಬಿಟ್ರ ಎಂದೂ ತಪ್ಪಂಗಿಲ್ಲ."

ಪರೀಕ್ಷೆಯ ಪಾಠಕ್ಕೆ ಆಮ್ರಪಾಲಿ ಆರಿಸಿಕೊಂಡದ್ದು ಆಮ್ಲ. ನಿಂಬೆರಸದಲ್ಲಿ ಅದ್ದಿದರೆ ನೀಲಿ ಲಿಟ್ಮಸ್ ಕಾಗದ ಕೆಂಪಾಗುತ್ತದೆ, ಸಣ್ಣ ಪ್ರಯೋಗ. ಮೊದಲೇ ಒಮ್ಮೆ ಮಾಡಿ ನೋಡುತ್ತೇನೆಂದು ಅಂಗಲಾಚಿದಳು. "ಸಾಹೇಬ್ರು ಬಂದಾಗ ತಗಿಯೋಣು, ಸುಮ್ಮ ಯಾಕ ಹಾಳ ಮಾಡ್ತಿ?" ಎಂದರು ಮಾಸ್ತರರು.

ಸಾಹೇಬರು ಬಂದರು. ಕೇಂದ್ರದ ಶಾಹಿದ್ ಸರ್, ಕಡೆಯ ಬೆಂಚಿನ ಮೇಲೆ ಕೂತರು, ಪಕ್ಕದಲ್ಲಿ ಮಾಸ್ತರರು. ಆಮ್ರಪಾಲಿ ನಿಂಬೆರಸದಲ್ಲಿ ಕಾಗದ ಅದ್ದಿದಳು. ಕಾಗದ ತೊಯ್ದಿತು. ಅಷ್ಟೇ. ಕೆಂಪಿನ ಸುಳಿವೇ ಇಲ್ಲ.

ಅವಳು ಬಾಯಿ ತೆರೆಯುವ ಮೊದಲೇ ಏಳನೆಯ ತರಗತಿ ಛಾವಣಿ ಹಾರುವಂತೆ ಕೂಗಿತು: "ಕೆಂಪ ಆತ್ರೀ ಮೇಡಮ್!"

ಅಷ್ಟು ದೂರದಿಂದ ಬಣ್ಣ ಕಾಣದ ಶಾಹಿದ್ ಸರ್ ತಲೆಯಾಡಿಸಿದರು. ಮಾಸ್ತರರು ಮೀಸೆಯಡಿ ನಕ್ಕರು. ಸುಮ್ಮನಿದ್ದರೆ ಪಾಸು. ಕಣ್ಣೆದುರು ನೀಲಿಯಿದ್ದರೂ ಬಾಯಲ್ಲಿ ಕೆಂಪು ಅನ್ನುವುದನ್ನು ಮಕ್ಕಳಿಗೆ ಕಲಿಸುವವರು ನಾವೇ. ಬೆಳೆದ ಮೇಲೆ ಅವರು ಎಂಥ ಭಾಷಣಕ್ಕೂ ಚಪ್ಪಾಳೆ ಬಡಿಯುತ್ತಾರೆಂದು ಬೈಯುವವರೂ ನಾವೇ. ಆಮ್ರಪಾಲಿ ಕಾಗದವನ್ನು ಮುಂದಿನ ಬೆಂಚಿನ ಸ್ನೇಹಲಳ ಮೂಗಿನೆದುರು ಹಿಡಿದಳು.

"ಯಾವ ಬಣ್ಣ ಅದವಾ?"

"ಕೆಂಪ ಇರಬೇಕ್ರಿ."

"'ಇರಬೇಕು' ಅನ್ನೂದ ಬಿಡು. ನಿನಗೇನ್ ಕಾಣಾಕತ್ತದ?"

ಹುಡುಗಿ ಹಿಂದೆ ತಿರುಗಿದಳು. "ಮಾಸ್ತರ್ ಕಣ್ಣ ಬಿಡಾಕತ್ತಾರ್ರಿ."

"ಕಾಗದ ನೋಡ, ಮಾಸ್ತರನ್ನಲ್ಲ."

"...ನೀಲಿ ಅದರಿ." ಬೈಗುಳ ಕೇಳಿದವರಂತೆ ಇಡೀ ತರಗತಿ ಉಸಿರೆಳೆದುಕೊಂಡಿತು.

"ಹೌದು, ನೀಲೀನೇ ಅದ. ಯಾಕ ಕೆಂಪ ಆಗ್ಲಿಲ್ಲ?"

ಆಮೇಲೆ ಗದ್ದಲವೋ ಗದ್ದಲ. ನಿಂಬೆಕಾಯಿ ಡುಪ್ಲಿಕೇಟ್ ಅಂದನೊಬ್ಬ. ಕಾಗದ ಮುದುಕಾಗ್ಯಾದ ಅಂದಳೊಬ್ಬಳು. ಮೇಡಮ್ ಕೈಗುಣ ಸರಿಯಿಲ್ಲ ಅಂದ ಮತ್ತೊಬ್ಬ. ಗಂಟೆ ಹೊಡೆಯಿತು, ಪಾಠ ಮುಗಿಯಲಿಲ್ಲ.

ಶಾಹಿದ್ ಸರ್ ಲಿಟ್ಮಸ್ ಡಬ್ಬಿಯ ಧೂಳು ಒರೆಸುತ್ತ ಕೇಳಿದರು: "ಮಾಸ್ತರ್, ಇದು ಎಂದಾದ್ರೂ ಕೆಂಪ ಆಗ್ಯಾದೇನ್ರಿ?"

"ನಮ್ಮಲ್ಲಿ ಪ್ರತಿ ವರ್ಷ ಆಗ್ತದ್ರಿ ಸಾಹೇಬ್ರ. ಈ ವರ್ಷ ಒಂದ ಹಿಂಗ."

ಶಾಹಿದ್ ಸರ್ ಆಮ್ರಪಾಲಿಯತ್ತ ತಿರುಗಿದರು. "ಅರ್ಧ ಪಾಠಕ್ಕ ಪಾಸ್ ಹ್ಯಾಂಗ ಮಾಡ್ಲಿ? ಮುಂದಿನ ವಾರ ಬರ್ತೀನಿ. ಉಳಿದಿದ್ದು ಮುಗಸ್ರಿ. ಅದ ಕಡೀ ಅವಕಾಶ."

ಮಾಸ್ತರರು ನಾಲ್ಕು ದಿನ ರೊಟ್ಟಿ ಕೊಡಲಿಲ್ಲ. ಐದನೆಯ ದಿನ ಪಿಸುಗುಟ್ಟಿದರು: "ಕೆಂಪ ಅನ್ರಿ ಅಂತ ಪೋರಗೋಳಿಗೆ ಮೊದಲ ಹೇಳಿ ಇಡು ತಂಗಿ. ಇಲ್ಲಾಂದ್ರ ನೌಕರಿ ಹೋಗ್ತದ."

ಅವಳು ಹೇಳಲಿಲ್ಲ. ರವಿವಾರ ಹುಮನಾಬಾದಿನ ಕೇಂದ್ರದಿಂದ ಹೊಸ ಕಾಗದ ಕೇಳಿ ತಂದಳು. ಶಾಹಿದ್ ಸರ್ ಬಂದ ದಿನ ಮೇಜಿನ ಮೇಲೆ ಹಳೆಯದೂ ಹೊಸದೂ ಎರಡೂ ಇಟ್ಟು, ಒಂದೇ ನಿಂಬೆಕಾಯಿ ಹಿಂಡಿ, ಕೈಕಟ್ಟಿ ನಿಂತಳು. ಈ ಸಲ ಯಾರೂ ಕೂಗಲಿಲ್ಲ. ಸ್ನೇಹಲ ಹಳೆಯದನ್ನು ಅದ್ದಿದಳು: ನೀಲಿ. ಹೊಸದನ್ನು ಅದ್ದಿದಳು: ಕೆಂಪು. ಪಕ್ಕದವ ಅವಳ ಮಾತು ನಂಬದೆ ತಾನೇ ಅದ್ದಿದ. ಅವನನ್ನು ನಂಬದೆ ಹಿಂದಿನವಳು. ಅದ್ದುವವರ ಸಾಲು ಬಾಗಿಲು ದಾಟಿತು.

"ಕಾಗದಾನ ಮುದುಕ ಆಗಿತ್ರಿ," ಎಂದು ತೀರ್ಪು ಕೊಟ್ಟಳು ಸ್ನೇಹಲ.

"ಪಾಸ್," ಎಂದರು ಶಾಹಿದ್ ಸರ್, ಗದ್ದಲದಲ್ಲಿ ಆಮ್ರಪಾಲಿಯ ಕಿವಿಯ ಹತ್ತಿರ ಬಗ್ಗಿ. ಅವಳಿಗೆ ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ ಅಂದರು.

ಕೇಳಿಸಿತ್ತು. ಆದರೆ ಅವಳ ಕಣ್ಣು ಮಹಾರುದ್ರಪ್ಪ ಮಾಸ್ತರರ ಮೇಲಿತ್ತು. ಅವರು ಚಷ್ಮಾ ಹಣೆಗೇರಿಸಿ, ಕೆಂಪು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ಮುರುವಿ ನೋಡುತ್ತಿದ್ದರು.

"ಅರೆ! ಖರೇನ ಆಗ್ತದಲ್ಲೋ!" ಎಂದು ಹೊಸ ಕಾಗದಕ್ಕೆ ಕೈಹಾಕಿದರು.

"ಸರ್, ಲೈನ್ ಅದರಿ," ಅಂದಳು ಸ್ನೇಹಲ. ಮಾಸ್ತರರು ಹೋಗಿ ಬಾಗಿಲಾಚೆ, ಸಾಲಿನ ಕೊನೆಗೆ ನಿಂತರು.